ಮರಾಮುರೆಷ್‌ನಲ್ಲಿ ಎರಡು ದಿನ
ರೊಮೇನಿಯಾದ ಮರಾಮುರೆಷ್ ಪ್ರದೇಶದಲ್ಲಿ ಎರಡೇ ದಿನ ಇದೆ, ಸಪಂತ್ಸಾದ ಬಣ್ಣದ ಸ್ಮಶಾನ ಒಂದನ್ನೇ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸರ್. ಅಲ್ಲಿಗೆ ಖಂಡಿತ ಹೋಗಿ. ಮರಗೆತ್ತನೆಗಾರ ಸ್ತಾನ್ ಇಯೋನ್ ಪತ್ರಾಷ್ 1935ರ ಸುಮಾರಿಗೆ ಶುರುಮಾಡಿದ ಆ ನೀಲಿ ಶಿಲುಬೆಗಳಲ್ಲಿ ಸತ್ತವರ ಬದುಕು ಚಿತ್ರವಾಗಿ, ಪದ್ಯವಾಗಿ ಇದೆ. ಅದಕ್ಕೆ ಅರ್ಧ ದಿನ ಸಾಕು.

ಉಳಿದ ಹೊತ್ತೆಲ್ಲ ಇಜಾ ಕಣಿವೆಗೆ ಕೊಡಿ. ಬರ್ಸಾನಾ, ಯೆಯುದ್, ಪೊಯೆನಿಲೆ ಇಜೆಯ್ ಊರುಗಳ ಮರದ ಚರ್ಚುಗಳು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಇಲ್ಲಿನ ಎಂಟು ಚರ್ಚುಗಳಲ್ಲಿ ಸೇರಿವೆ. ಪೊಯೆನಿಲೆಯಲ್ಲಿ ನರಕದ ಶಿಕ್ಷೆಗಳ ಚಿತ್ರಗಳನ್ನು ನಿಧಾನವಾಗಿ ನೋಡಿ, ಅಷ್ಟು ಚೆನ್ನಾಗಿವೆ. ಬರ್ಸಾನಾದಲ್ಲಿ ಮಾತ್ರ ಹುಷಾರು. 1990ರ ದಶಕದಲ್ಲಿ ಕಟ್ಟಲು ಶುರುಮಾಡಿದ ದೊಡ್ಡ ಮಠವನ್ನೇ ಪಟ್ಟಿಯ ಚರ್ಚು ಅಂದುಕೊಳ್ಳಬೇಡಿ. ಹಳೆಯದು ಬೇರೆ ಗುಡ್ಡದ ಮೇಲಿದೆ, ಚಿಕ್ಕದು. ದಾರಿಯಲ್ಲಿ ಕೆತ್ತನೆಯ ಮರದ ಹೆಬ್ಬಾಗಿಲುಗಳು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ.