ಪ್ರತಿಕ್ರಿಯೆ: ಅಲ್ಜೈಮರ್ ಅಂಟುರೋಗವೇ?

ಪ್ರೋಟೀನೇ ಮಿದುಳಿನ ರೋಗವನ್ನು ಹರಡಬಲ್ಲದಾದರೆ, ಅಲ್ಜೈಮರ್ ಇರುವ ತಂದೆಯವರ ಆರೈಕೆಯಿಂದ ತಮಗೂ ಅಪಾಯವಿದೆಯೇ ಎಂದು ಕೇಳಿದ್ದೀರಿ. ಇಲ್ಲ, ಆರೈಕೆಯಿಂದಾಗಲಿ ಸ್ಪರ್ಶದಿಂದಾಗಲಿ ಅದು ಅಂಟುವುದಿಲ್ಲ.

ತಾವು ಓದಿರುವುದು ಬಹುಶಃ ಅಮೆರಿಕದ ನರವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ ಅವರ ಸಂಶೋಧನೆಯನ್ನು ಕುರಿತು. 1972ರಲ್ಲಿ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳು ರೋಗಕ್ಕೆ ತಮ್ಮ ರೋಗಿಯೊಬ್ಬರನ್ನು ಕಳೆದುಕೊಂಡ ಬಳಿಕ ಈ ಹುಡುಕಾಟಕ್ಕಿಳಿದ ಅವರು, ಕುರಿಗಳಿಗೆ ಬರುವ ಅದೇ ಬಗೆಯ ಸ್ಕ್ರೇಪಿ ರೋಗವನ್ನು ಹ್ಯಾಮ್‌ಸ್ಟರ್‌ಗಳಿಗೆ ತಗುಲಿಸಿ, ಅವುಗಳ ಮಿದುಳಿನಿಂದ ರೋಗಕಾರಕವನ್ನು ಶುದ್ಧೀಕರಿಸಿದಾಗ, ವೈರಾಣುಗಳ ಆನುವಂಶಿಕ ವಸ್ತುವಾದ ನ್ಯೂಕ್ಲಿಯಿಕ್ ಆಮ್ಲವನ್ನು ನಾಶಮಾಡುವ ಉಪಚಾರಗಳಿಗೆ ಅದು ಜಗ್ಗಲಿಲ್ಲ; ಪ್ರೋಟೀನನ್ನು ಕೆಡಿಸುವ ಉಪಚಾರಗಳಿಗೆ ಮಣಿಯಿತು. ಅಂದರೆ ಅದು ವೈರಾಣುವಲ್ಲ, ಪ್ರೋಟೀನು ಎಂಬುದು ಅವರ ವಾದ. 1982ರಲ್ಲಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟಾಗ ವೈರಾಣುತಜ್ಞರು ಕೆರಳಿದ್ದು ಸಹಜವೇ. ನೊಬೆಲ್ ಬಂದದ್ದು 1997ರಲ್ಲಿ.

ಪ್ರಿಯಾನ್ ರೋಗ ಹಬ್ಬಿಸುವುದು ಹೀಗೆ: ತಪ್ಪಾಗಿ ಮಡಚಿಕೊಂಡ ಪ್ರೋಟೀನು ಪಕ್ಕದ ಸರಿಯಾದುದನ್ನೂ ತನ್ನ ಆಕಾರಕ್ಕೆ ತಿರುಗಿಸುತ್ತದೆ. ಅಲ್ಜೈಮರ್‌ನಲ್ಲಿ ಟೌ ಎಂಬ ನರಕೋಶಗಳ ಪ್ರೋಟೀನು ಇದೇ ರೀತಿ ನರಕೋಶದಿಂದ ನರಕೋಶಕ್ಕೆ ಹಬ್ಬುತ್ತದೆಂಬುದಕ್ಕೆ ಆಧಾರಗಳಿವೆಯಾದರೂ, ಆ ಹಬ್ಬುವಿಕೆ ರೋಗಿಯ ಮಿದುಳಿನೊಳಗೇ ನಡೆಯುವಂಥದ್ದು.