ಕಥೆ ಇರಲಿ, ಆ ಮಾತು ತೆಗೆಯಿರಿ

ಪ್ರಶ್ನೆ: ನನಗೆ 31 ವರ್ಷ. ಊರು ಕುಂದಾಪುರದ ಕಡೆ, ಮದುವೆಯಾಗಿ ಡೊಂಬಿವಲಿಗೆ ಬಂದೆ. ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಮದುವೆಗೆ ಮೊದಲಿನಿಂದಲೂ ಸೂಪರ್‌ಹೀರೋ ಫ್ಯಾನ್ ಫಿಕ್ಷನ್, ಅಂದರೆ ಬೇರೆಯವರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ, ಬರೆಯುತ್ತೇನೆ. ಬೇರೆ ಹೆಸರಿನಲ್ಲಿ, ಅಂಥ ಕಥೆಗಳ ವೆಬ್‌ಸೈಟ್ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ. ಲೋಕಲ್ ಟ್ರೇನಿನಲ್ಲಿ ಹೋಗ್ತಾ ಬರ್ತಾ ಮೊಬೈಲಿನಲ್ಲೇ ಬರೆಯುವುದು. ಸ್ಪೈಡರ್‌ಮ್ಯಾನ್ ಪರೇಲಿನ ಚಾಳಿನಲ್ಲಿ ಬಾಡಿಗೆಗೆ ಇದ್ದಾನೆ ಅನ್ನುವ ನನ್ನ ಧಾರಾವಾಹಿಗೆ ತುಂಬಾ ಓದುಗರಿದ್ದಾರೆ. ಅದರಲ್ಲಿ ಪಕ್ಕದ ಖೋಲಿಯ ಹುಡುಗಿ ನಾನೇ ಹುಟ್ಟಿಸಿದ ಪಾತ್ರ. ಅವಳ ನಿಶ್ಚಿತಾರ್ಥ ಮುರಿದುಹೋಗುತ್ತದೆ. ನನ್ನ ನಾದಿನಿಗೂ ಹಾಗೇ ಆಗಿತ್ತು. ಆವತ್ತು ರಾತ್ರಿ ಅವಳು ನನ್ನೊಬ್ಬಳಿಗೇ ಹೇಳಿದ ಒಂದು ಮಾತನ್ನು ಆ ಹುಡುಗಿಯ ಬಾಯಲ್ಲಿ ಹಾಗೇ ಇಟ್ಟೆ. ಆ ಅಧ್ಯಾಯಕ್ಕೇ ಜಾಸ್ತಿ ಕಾಮೆಂಟ್ ಬಂತು, ಎಲ್ಲರೂ ಆ ಸಾಲನ್ನೇ ಎತ್ತಿ ಬರೆದರು. ನಾದಿನಿ ಈಗ ಪುಣೆಯಲ್ಲಿದ್ದಾಳೆ. ಅವಳೂ ಈ ಕಥೆಯನ್ನು ಮೊದಲಿನಿಂದ ಓದುತ್ತಿದ್ದಳಂತೆ, ಬರೆಯುವುದು ನಾನು ಅಂತ ಗೊತ್ತಿರಲಿಲ್ಲ. ‘ಇದು ನೀವಾ ಅತ್ತಿಗೆ?’ ಅಂತ ಮೆಸೇಜ್ ಮಾಡಿದಳು. ಹೌದು ಅಂದೆ. ಆಮೇಲೆ ಫೋನ್ ಎತ್ತುತ್ತಿಲ್ಲ. ನಮ್ಮವರಿಗೆ ಈ ವಿಷಯ ಗೊತ್ತಿಲ್ಲ. ಒಂದು ರೂಪಾಯಿ ಹುಟ್ಟದ ಕೆಲಸ, ಯಾವಾಗಲೂ ಮೊಬೈಲು, ಎಲ್ಲ ಡಿಲೀಟ್ ಮಾಡು ಅನ್ನುತ್ತಾರೆ. ಅಲ್ಲಿ ಪರಿಚಯವಾದ ಗೆಳತಿ ಆರ್ಫನ್ ಮಾಡಿಬಿಡು ಅನ್ನುತ್ತಾಳೆ. ಓದುಗರು ಮುಂದಿನ ಕಂತು ಕೇಳುತ್ತಿದ್ದಾರೆ. ನನಗೆ ಒಂದು ಸಾಲೂ ಬರೆಯಲಾಗುತ್ತಿಲ್ಲ. ಏನು ಮಾಡಲಿ?
ಹೆಸರು ಬೇಡ, ಡೊಂಬಿವಲಿ

ಉತ್ತರ: ನಾದಿನಿ ಹೇಳಿದ ಆ ಮಾತನ್ನು ನಿಮ್ಮ ಪತ್ರದಲ್ಲೂ ಪೂರ್ತಿ ಬರೆದಿದ್ದೀರಿ. ನಾನು ಅದನ್ನು ಮೇಲೆ ಹಾಕಿಲ್ಲ, ತೆಗೆದಿದ್ದೇನೆ. ನಾನು ನಿಮಗೆ ಯಾರು? ಮುಖ ನೋಡಿಲ್ಲ, ದನಿ ಕೇಳಿಲ್ಲ. ನನಗೂ ಅದನ್ನು ಕೊಟ್ಟುಬಿಟ್ಟಿರಿ. ಬೈಯುತ್ತಿಲ್ಲ. ಆದರೆ ನಿಮ್ಮ ತೊಂದರೆ ಇರುವುದು ಇಲ್ಲೇ, ಅದಕ್ಕೇ ಇದನ್ನೇ ಮೊದಲು ಹೇಳಿದೆ.

ನಿಶ್ಚಿತಾರ್ಥ ಮುರಿದ ವಿಷಯ ಗುಟ್ಟೇನೂ ಅಲ್ಲ. ನಿಮ್ಮ ಮನೆಯವರಿಗೆ ಗೊತ್ತು, ಹುಡುಗನ ಮನೆಯವರಿಗೆ ಗೊತ್ತು, ಊರಿನಲ್ಲಿ ಎರಡು ಬೀದಿಗೆ ಗೊತ್ತಿರುತ್ತದೆ, ಮಾಟುಂಗಾದಲ್ಲಿ ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಅದರ ಬಗ್ಗೆ ಮಾತೂ ಆಗಿರುತ್ತದೆ. ಅಂಥ ಘಟನೆ ಎಷ್ಟೋ ಮನೆಗಳಲ್ಲಿ ಆಗಿದೆ, ಯಾರು ಬೇಕಾದರೂ ಕಥೆ ಮಾಡಬಹುದು. ನೀವು ಅಷ್ಟೇ ತೆಗೆದುಕೊಂಡಿದ್ದರೆ ನಾದಿನಿ ಓದಿ ಸ್ವಲ್ಪ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದಳೋ ಏನೋ, ಫೋನ್ ಎತ್ತದೆ ಇರುತ್ತಿರಲಿಲ್ಲ. ನೀವು ಹೆಸರು ಬದಲಿಸಿದಿರಿ, ಮನೆ ಬದಲಿಸಿದಿರಿ, ಪಕ್ಕದ ಖೋಲಿಗೆ ಜೇಡರ ಹುಡುಗನನ್ನೇ ತಂದು ಕೂರಿಸಿದಿರಿ. ಅವಳ ಮಾತನ್ನು ಮಾತ್ರ ಬದಲಿಸಲಿಲ್ಲ. ಅದು ಅವಳು ತನ್ನ ಅಮ್ಮನಿಗೂ ಹೇಳದೆ ನಿಮಗೆ ಹೇಳಿದ್ದು. ಈಗ ಯಾರ್ಯಾರೋ ಅದನ್ನು ಎತ್ತಿ, ಪಕ್ಕದಲ್ಲಿ ಅಳುವ ಇಮೋಜಿ ಹಾಕಿ, ‘ಎಂಥಾ ಸಾಲು!’ ಅಂತ ಬರೆದಿದ್ದಾರೆ. ಅದನ್ನೂ ಅವಳು ಓದಿದ್ದಾಳೆ. ಓದಿ ಏನನ್ನಿಸಿರಬಹುದು ಅಂತ ನಾನು ಬಿಡಿಸಿ ಹೇಳುವುದು ಬೇಡ ಅಲ್ವಾ?

ಈಗ ನಿಮ್ಮ ಮುಂದೆ ಎರಡು ಸಲಹೆ ಇವೆ. ಎರಡೂ ಬೇಡ.

ಗೆಳತಿ ಹೇಳಿದ ಆರ್ಫನ್ ಮಾಡುವುದಂತೂ ಖಂಡಿತ ಬೇಡ. ಈ ಲೋಕದ ಪರಿಚಯ ಇಲ್ಲದವರಿಗೆ ಒಂದು ಮಾತು: ಆರ್ಫನ್ ಮಾಡುವುದು ಅಂದರೆ ಕಥೆಯಿಂದ ನಿಮ್ಮ ಹೆಸರು ಕಳಚುವುದು, ಕಥೆ ಮಾತ್ರ ಅಲ್ಲೇ ಉಳಿಯುತ್ತದೆ. ಬೇರೆ ಯಾವುದೋ ಕಾರಣಕ್ಕೆ ದೂರ ಹೋಗುವವರಿಗೆ ಅದು ಒಳ್ಳೆಯ ಸೌಲಭ್ಯವೇ, ಓದುಗರಿಗೆ ಕಥೆ ಸಿಗುತ್ತಾ ಇರುತ್ತದೆ, ಬರೆದವರಿಗೆ ಬಿಡುಗಡೆ. ಆದರೆ ಒಮ್ಮೆ ಮಾಡಿದರೆ ವಾಪಸ್ ಪಡೆಯುವಂತಿಲ್ಲ. ಆಮೇಲೆ ಒಂದು ಅಕ್ಷರ ತಿದ್ದಲೂ ನಿಮಗೆ ಬರುವುದಿಲ್ಲ. ಅಂದರೆ ಏನಾಯಿತು? ನಿಮ್ಮ ಹೆಸರು ಹೋಯಿತು, ನಿಮಗೆ ನಿದ್ದೆ ಬಂತು. ನಾದಿನಿಯ ಮಾತು ಅಲ್ಲೇ ಉಳಿಯಿತು, ಯಾವಾಗಲೂ. ಪಾರಾದವರು ನೀವು, ಸಿಕ್ಕಿಬಿದ್ದವಳು ಅವಳು.

ಗಂಡ ಹೇಳಿದ ಹಾಗೆ ಎಲ್ಲ ಡಿಲೀಟ್ ಮಾಡುವುದೂ ಅವಳಿಗಾಗಿ ಮಾಡಿದಂತೆ ಆಗುವುದಿಲ್ಲ. ಅದು ನಿಮಗೆ ನೀವೇ ಕೊಟ್ಟುಕೊಳ್ಳುವ ಶಿಕ್ಷೆ, ಅಷ್ಟೇ. ಮೇಲಾಗಿ ನಾಳೆ ಅವಳು ‘ನನ್ನಿಂದಾಗಿ ಅತ್ತಿಗೆ ಬರೆಯುವುದನ್ನೇ ಬಿಟ್ಟರು’ ಅಂತ ಇನ್ನೊಂದು ಭಾರ ಹೊರಬೇಕು. ಅವಳು ಕೇಳದೆ ಅದನ್ನು ಅವಳ ಮೇಲೆ ಹಾಕಬೇಡಿ.

ಮಾಡಬೇಕಾದ ಕೆಲಸ ಚಿಕ್ಕದು, ಇವತ್ತು ರಾತ್ರಿಯೇ ಮಾಡಿ. ಆ ಅಧ್ಯಾಯ ತೆರೆದು ಎಡಿಟ್ ಒತ್ತಿ ಆ ಮಾತನ್ನು ತೆಗೆಯಿರಿ. ಮಾತಿನ ಹಿಂದೆ ಮುಂದೆ ಅವಳದೇ ಅಂತ ಗುರುತು ಸಿಗುವಂಥದ್ದು ಏನಿದೆಯೋ, ಆ ರಾತ್ರಿಯ ವಿವರ, ಅವಳು ಕೂತ ಜಾಗ, ಅದನ್ನೂ ತೆಗೆಯಿರಿ. ಹಳೆಯ ಅಧ್ಯಾಯ ತಿದ್ದಿದರೆ ಸಬ್‌ಸ್ಕ್ರೈಬ್ ಮಾಡಿದವರಿಗೆ ಮೇಲ್ ಹೋಗುವುದಿಲ್ಲ, ಹೊಸ ಅಧ್ಯಾಯ ಹಾಕಿದಾಗ ಮಾತ್ರ ಹೋಗುವುದು. ಹಾಗಾಗಿ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಕಾಮೆಂಟುಗಳಲ್ಲಿ ಆ ಸಾಲು ಎತ್ತಿ ಬರೆದವರಿದ್ದಾರಲ್ಲ, ಆ ಕಾಮೆಂಟುಗಳನ್ನೂ ಅಳಿಸಿ. ಕಥೆ ನಿಮ್ಮದಾದ್ದರಿಂದ ಆ ಅಧಿಕಾರ ನಿಮಗಿದೆ. ಒಳ್ಳೆಯ ಕಾಮೆಂಟ್ ಅಳಿಸುವಾಗ ಕೈ ನಡುಗುತ್ತದೆ, ಗೊತ್ತು. ಆದರೂ ಅಳಿಸಿ. ಪೂರ್ತಿ ವಾಪಸ್ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಯಾರಾದರೂ ಮೊದಲೇ ಪಿಡಿಎಫ್ಫೋ ಇಪಬ್ಬೋ ಇಳಿಸಿಟ್ಟುಕೊಂಡಿದ್ದರೆ ಅದು ಅವರ ಹತ್ತಿರವೇ ಇರುತ್ತದೆ. ನಾದಿನಿ ಕೇಳಿದರೆ ಇದನ್ನು ಮುಚ್ಚಿಡದೆ ಹೇಳಿ.

ಇಷ್ಟಾದ ಮೇಲೆ ಅವಳಿಗೆ ಬರೆಯಿರಿ. ಫೋನ್ ಮಾಡುತ್ತಲೇ ಇರಬೇಡಿ. ಹತ್ತು ಮಿಸ್ಡ್ ಕಾಲ್ ಅಂದರೆ ಕ್ಷಮೆ ಅಲ್ಲ, ಕಾಟ. ‘ಅದು ಬರೀ ಕಥೆ ತಾನೇ’ ಅನ್ನಬೇಡಿ. ‘ಅದು ನೀನು ಅಂತ ಯಾರಿಗೂ ಗೊತ್ತಾಗಲ್ಲ’ ಅಂತಲೂ ಅನ್ನಬೇಡಿ, ಅವಳಿಗೆ ಗೊತ್ತಾಯಿತಲ್ಲ, ಅಷ್ಟು ಸಾಲದಾ? ‘ನಿನ್ನ ನೋವು ನನ್ನನ್ನು ಅಷ್ಟು ತಟ್ಟಿತು, ಅದಕ್ಕೇ ಬರೆದೆ’ ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು, ಕೇಳಲು ಹೊಗಳಿಕೆಯ ಹಾಗಿರುತ್ತದೆ, ಒಳಗೆ ನೋಡಿದರೆ ಬರೀ ನಿಮ್ಮದೇ ಕಥೆ. ಇಷ್ಟು ಸಾಕು: ‘ನೀನು ನಂಬಿ ಹೇಳಿದ್ದನ್ನು ನಿನ್ನನ್ನು ಕೇಳದೆ ಕಥೆಗೆ ಹಾಕಿದೆ. ತಪ್ಪು ಮಾಡಿದೆ. ಆ ಭಾಗ ತೆಗೆದಿದ್ದೇನೆ. ಇನ್ನೂ ಏನಾದರೂ ತೆಗೆಯಬೇಕಾ, ಇಡೀ ಕಥೆಯೇ ಬೇಡವಾ, ನೀನು ಹೇಳಿದ ಹಾಗೆ ಮಾಡುತ್ತೇನೆ. ನಿನ್ನ ಅಣ್ಣನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.’ ಬರೆದ ಮೇಲೆ ಸುಮ್ಮನಿರಿ. ಅವಳು ‘ಬಾ’ ಅಂದರೆ ಕಲ್ಯಾಣದಲ್ಲಿ ಪುಣೆಯ ಗಾಡಿ ಹತ್ತಿ. ಕರೆಯದೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಚೌತಿಗೆ ಅವಳು ಮನೆಗೆ ಬರುತ್ತಾಳೆ, ಆಗ ಮಾತಾಡಿದರಾಯಿತು ಅಂತಲೂ ಕಾಯಬೇಡಿ, ಮನೆ ತುಂಬ ಜನ ಇರುವಾಗ ಅವಳು ನಗುನಗುತ್ತಲೇ ಇರಬೇಕಾಗುತ್ತದೆ, ನೀವು ಅದನ್ನೇ ರಾಜಿ ಅಂದುಕೊಳ್ಳುತ್ತೀರಿ.

ಇಡೀ ಕಥೆ ತೆಗಿ ಅಂದರೆ? ತೆಗೆಯಿರಿ. ಕೇಳಿದ್ದು ನೀವು, ಉತ್ತರ ಅವಳದ್ದು. ಅಷ್ಟಕ್ಕೆ ಸಿದ್ಧರಿಲ್ಲದಿದ್ದರೆ ‘ಇಡೀ ಕಥೆಯೇ ಬೇಡವಾ’ ಅನ್ನುವ ಸಾಲನ್ನು ಮೆಸೇಜಿನಲ್ಲಿ ಬರೆಯಲೇಬೇಡಿ.

ಇನ್ನು ನಿಮ್ಮವರ ವಿಷಯ. ಅವರು ಅವಳ ಅಣ್ಣ. ನೀವು ಅವರ ಮುಂದೆ ಹಗುರಾಗಲು ಹೋಗಿ ಎಲ್ಲ ಹೇಳಿದರೆ ಆ ಮಾತು ಇನ್ನೊಂದು ಕಿವಿಗೆ ಬಿತ್ತು, ಅದೂ ಅವಳು ಬೇಕಂತಲೇ ಹೇಳದೆ ಬಿಟ್ಟ ಕಿವಿಗೆ. ‘ನನ್ನಿಂದ ಅವಳಿಗೆ ಒಂದು ತಪ್ಪಾಗಿದೆ, ನಾವಿಬ್ಬರೇ ಸರಿ ಮಾಡಿಕೊಳ್ಳುತ್ತೇವೆ, ಏನು ಅಂತ ಕೇಳಬೇಡಿ’ ಅನ್ನಿ. ಗಂಡಸರಿಗೆ ಈ ಉತ್ತರ ಇಷ್ಟವಾಗುವುದಿಲ್ಲ. ಪರವಾಗಿಲ್ಲ.

ಒಂದು ರೂಪಾಯಿ ಹುಟ್ಟುವುದಿಲ್ಲ ಅಂದರಲ್ಲ, ಅದು ನಿಜ. ಹುಟ್ಟಲೂಬಾರದು. ಸ್ಪೈಡರ್‌ಮ್ಯಾನ್ ಮಾರ್ವೆಲ್‌ನವರ ಸ್ವತ್ತು, 1962ರಿಂದ ಅವರು ನಡೆಸಿಕೊಂಡು ಬಂದದ್ದು. ಅವನನ್ನು ಇಟ್ಟುಕೊಂಡು ನೀವು ಪುಸ್ತಕ ಮಾರಿದರೆ ಅವರ ವಕೀಲರು ಬರುತ್ತಾರೆ. ಆರ್ಕೈವ್ ನಡೆಸುವುದು 2007ರಲ್ಲಿ ಶುರುವಾದ ಒಂದು ಲಾಭರಹಿತ ಸಂಸ್ಥೆ, ದೇಣಿಗೆಯಿಂದ ನಡೆಯುತ್ತದೆ, ಅಲ್ಲಿ ಜಾಹೀರಾತೂ ಇಲ್ಲ, ಬರೆಯುವವರು ಕಥೆಯ ಕೆಳಗೆ ದುಡ್ಡು ಕೇಳುವ ಹಾಗೂ ಇಲ್ಲ. 2019ರಲ್ಲಿ ಆ ಇಡೀ ಆರ್ಕೈವ್‌ಗೆ ವಿಜ್ಞಾನ ಕಥೆ, ಫ್ಯಾಂಟಸಿ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಇದನ್ನೆಲ್ಲ ಗಂಡನಿಗೆ ತೋರಿಸಿ ವಾದ ಗೆಲ್ಲಲು ಹೋಗಬೇಡಿ, ಸುಮ್ನೆ ನಿಮ್ಮ ಧೈರ್ಯಕ್ಕೆ ಹೇಳಿದೆ. ಅವರಿಗೆ ದುಡ್ಡಿನ ಕಥೆಯೇ ಬೇಕಿದ್ದರೆ ಸೂಪರ್‌ಮ್ಯಾನ್‌ನದ್ದು ಹೇಳಿ. ಅವನನ್ನು ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನಲ್ಲಿ ಹೈಸ್ಕೂಲಿನಿಂದ ಜೊತೆಗಿದ್ದ ಹುಡುಗರು. 1933ರಲ್ಲಿ ತಾವೇ ಪ್ರತಿ ತೆಗೆದು ಹಂಚುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಆ ಹೆಸರನ್ನು ಮೊದಲು ಬಳಸಿದರು, ಆಗ ಅವನು ಖಳನಾಯಕ. 1938ರಲ್ಲಿ ಪೂರ್ತಿ ಹಕ್ಕು ಬಿಟ್ಟುಕೊಟ್ಟದ್ದು 130 ಡಾಲರಿಗೆ. ಜಗತ್ತೆಲ್ಲ ಅವನ ಹೆಸರಿನಲ್ಲಿ ಕಾಸು ಎಣಿಸಿತು, ಅವರಿಗೆ ವರ್ಷಾಶನದ ಹಾಗೆ ಏನೋ ಸಿಕ್ಕಿದ್ದು 1975ರಲ್ಲಿ, ಅದೂ ಗಲಾಟೆ ಮಾಡಿದ ಮೇಲೆ.

ನಿಮ್ಮವರ ಸಿಟ್ಟಿಗೆ ನಿಜವಾದ ಕಾರಣ ದುಡ್ಡಲ್ಲ, ಮೊಬೈಲು ಅಂತ ನನಗನ್ನಿಸುತ್ತದೆ. ಟ್ರೇನಿನಲ್ಲಿ ಬರೆಯುತ್ತೇನೆ ಅಂದಿದ್ದೀರಿ. ಡೊಂಬಿವಲಿ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಕಥೆ, ಅದು ನಿಮ್ಮ ಸಮಯ, ಅದರಲ್ಲಿ ಅವರಿಗೆ ಪಾಲಿಲ್ಲ. ಮನೆಗೆ ಬಂದ ಮೇಲೂ ಕಾಮೆಂಟ್ ನೋಡುತ್ತಾ ಕೂರುತ್ತೀರಾ? ಪತ್ರದ ಧಾಟಿ ನೋಡಿದರೆ ಹೌದು ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ಅವರು ಹೇಳುವುದರಲ್ಲಿ ಹುರುಳಿದೆ.

ಪತ್ರದ ಕೊನೆಯಲ್ಲಿ ಒಂದು ಮಾತು ಬರೆದು ಹೊಡೆದುಹಾಕಿದ್ದೀರಿ, ಆದರೂ ಓದಲು ಬರುತ್ತದೆ: ‘ಬೇರೆಯವರ ಹೀರೋ, ನಾದಿನಿಯ ಸಾಲು, ಇದರಲ್ಲಿ ನನ್ನದು ಅಂತ ಏನಿದೆ?’ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕುಂದಾಪುರದ ಕಡೆಯವರು, ತಾಳಮದ್ದಳೆ ಕೇಳಿಯೇ ಬೆಳೆದಿರುತ್ತೀರಿ. ಅಲ್ಲಿ ಕರ್ಣ ಎಲ್ಲರವನು, ಪ್ರಸಂಗದ ಪದ್ಯ ಭಾಗವತರ ಬಾಯಲ್ಲಿ, ಆಡುವ ಅರ್ಥ ಮಾತ್ರ ಅರ್ಥಧಾರಿಯ ಸ್ವಂತದ್ದು, ಅದಕ್ಕೇ ಜನ ರಾತ್ರಿಯೆಲ್ಲ ಕೂರುವುದು. ಸ್ಪೈಡರ್‌ಮ್ಯಾನ್ ನಿಮಗೆ ಹಾಗೆ. ಅವನನ್ನು ಮುಂಬೈಗೆ ತಂದವರಲ್ಲಿ ನೀವು ಮೊದಲಿಗರೂ ಅಲ್ಲ. 2004ರಲ್ಲಿ ಪವಿತ್ರ ಪ್ರಭಾಕರ ಅಂತ ಹೆಸರಿಟ್ಟು, ಧೋತಿ ಉಡಿಸಿ, ಹಳ್ಳಿಯಿಂದ ಮುಂಬೈಗೆ ಓದಲು ಬಂದ ಹುಡುಗನಾಗಿ ಅವನ ಕಾಮಿಕ್ಸೇ ಬಂತು. ಅವನನ್ನು ಸಾಕಿದ ಮೇ ಆಂಟಿ ಅಲ್ಲಿ ಮಾಯಾ ಆಂಟಿ, ಬೆನ್ ಅಂಕಲ್ ಭೀಮ್ ಅಂಕಲ್. ಅದು ಮಾರ್ವೆಲ್‌ನವರ ಒಪ್ಪಿಗೆಯಿಂದ ಬಂದದ್ದು, ನಿಮ್ಮದು ಅಭಿಮಾನಕ್ಕೆ ಬರೆದದ್ದು, ಅಷ್ಟೇ ವ್ಯತ್ಯಾಸ. ಆ ಲೋಕದಲ್ಲಿ ಬರೆಯುವವರಿಗೂ ಓದುವವರಿಗೂ ಪಾತ್ರ ಯಾರದ್ದು ಅಂತ ಗೊತ್ತಿರುತ್ತದೆ, ಯಾರಿಗೂ ಮೋಸವಿಲ್ಲ. ನಾದಿನಿಯ ಮಾತು ಯಾರದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ಅದನ್ನು ನಿಮ್ಮದೇ ಅಂದುಕೊಂಡು ಹೊಗಳಿದರು, ನೀವು ಥ್ಯಾಂಕ್ಸ್ ಅಂದಿರಿ.

ಈಗ ಬರೆಯಲಾಗದೆ ಇರುವುದಕ್ಕೂ ಇದೇ ಕಾರಣ ಇರಬೇಕು. ಎಲ್ಲರೂ ಮೆಚ್ಚಿದ ಸಾಲು ನಿಮ್ಮದಲ್ಲ, ಮುಂದಿನ ಕಂತಿನಲ್ಲಿ ಅಂಥದ್ದು ಎಲ್ಲಿಂದ ತರಲಿ ಅನ್ನುವ ಹೆದರಿಕೆ. ಆ ಜಾಗದಲ್ಲಿ ಹುಡುಗಿ ಬೇರೆ ಏನು ಹೇಳಬಹುದು ಅಂತ ಯೋಚಿಸಿ. ಅವಳು ನಿಮ್ಮ ನಾದಿನಿ ಅಲ್ಲ, ಪರೇಲಿನವಳು, ಮಿಲ್ಲು ಮುಚ್ಚಿದ ಮೇಲೂ ಅದೇ ಚಾಳಿನಲ್ಲಿ ಉಳಿದ ಮನೆಯವಳು. ಸಂಬಂಧ ಮುರಿದ ಸುದ್ದಿ ಅವಳಿಗೆ ನಲ್ಲಿಯ ಹತ್ತಿರ ಕ್ಯೂನಲ್ಲಿ ನಿಂತಾಗ ತಲುಪುತ್ತದೋ, ಗಲ್ಲಿಯ ಗಣಪತಿ ಮಂಟಪದಲ್ಲೋ? ಅವಳಿಗೆ ಮೊದಲು ಸಿಟ್ಟು ಬರುತ್ತದಾ, ಛತ್ರದ ಅಡ್ವಾನ್ಸ್ ನೆನಪಾಗುತ್ತದಾ? ಏನೂ ಹೇಳದೆ ಇದ್ದರೂ ಆದೀತು. ಮೊದಲಿನಷ್ಟು ಚೆನ್ನಾಗಿ ಬರದೆ ಹೋಗಬಹುದು. ಹೋದರೆ ಹೋಗಲಿ, ನಿಮ್ಮದಾಗಿರುತ್ತದೆ. ಬೀಟಾ ಓದಿಕೊಡುವ, ಅಂದರೆ ಹಾಕುವ ಮೊದಲು ಓದಿ ತಿದ್ದಿಕೊಡುವ ಗೆಳತಿ ‘ಹಳೆಯದೇ ಚೆನ್ನಾಗಿತ್ತು’ ಅಂದರೆ ಕಾರಣ ಹೇಳಬೇಡಿ.

ಸೂಪರ್‌ಹೀರೋ ಬಿಟ್ಟು ಸ್ವಂತ ಕಥೆ ಬರಿ ಅಂತ ನಾನು ಹೇಳುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಓದುಗರಿಗೆ ಮುಂದಿನ ಕಂತು ತಡವಾಗುತ್ತದೆ ಅಂತ ಒಂದು ಸಾಲು ಹಾಕಿ. ನಾದಿನಿಯ ಉತ್ತರ ಬರುವವರೆಗೆ ಹೊಸದು ಹಾಕಬೇಡಿ. ನೀವು ಏನೂ ಆಗದವರ ಹಾಗೆ ಮುಂದುವರಿದಿರಿ ಅಂತ ಮೇಲ್ ನೋಡಿ ಅವಳಿಗೆ ತಿಳಿಯುವುದು ಬೇಡ.

ಅವಳು ಅಲ್ಲಿ ಯಾವ ಹೆಸರಿನಲ್ಲಿ ಓದುತ್ತಿದ್ದಳು, ಹಿಂದಿನ ಕಾಮೆಂಟುಗಳಲ್ಲಿ ಅವಳದು ಯಾವುದು ಅಂತ ಹುಡುಕುತ್ತಿದ್ದೇನೆ ಅಂದಿದ್ದೀರಲ್ಲ, ಅದನ್ನು ನಿಲ್ಲಿಸಿ. ಸಿಕ್ಕಿದರೆ ಅವಳ ಇನ್ನೊಂದು ಗುಟ್ಟು ಅವಳನ್ನು ಕೇಳದೆ ನಿಮ್ಮ ಕೈಗೆ ಬಂದ ಹಾಗಾಯಿತು.