ಕೆಂಪು ಸುತ್ತಿನೊಳಗೆ 7.8

(ನಾನು ಕ್ಲಿನಿಕ್ಕೊಂದರಲ್ಲಿ ಆಪ್ತಸಮಾಲೋಚಕಿ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೆಯೋಣ.)

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ನಮ್ಮನೆಯವರು ಹತ್ತು ದಿನದಿಂದ ಹಾಲ್‌ನಲ್ಲಿ ಮಲಗ್ತಿದಾರೆ. ಕೇಳಿದ್ರೆ ಒಳಗೆ ಸೆಕೆ ಅಂತಾರೆ. ಜನವರಿ ತಿಂಗಳಲ್ಲಿ ಎಂಥ ಸೆಕೆ ಮೇಡಂ?"

ಎರಡು ದಿನ ಬಿಟ್ಟು ಇಬ್ಬರೂ ಬಂದರು. ಮೇಷ್ಟ್ರಿಗೆ 63 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹೆಂಡತಿ ಹೊರಗೆ ಕೂತರು, ಇವರು ಒಳಗೆ ಬಂದರು.

ಮೊದಲ ಇಪ್ಪತ್ತು ನಿಮಿಷ ನಾನು ತಪ್ಪು ದಾರಿಯಲ್ಲೇ ಇದ್ದೆ. ರಿಟೈರ್ ಆದ ಗಂಡ, ಹಾಲ್‌ಗೆ ಬಂದ ಹಾಸಿಗೆ. ಇಷ್ಟು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಒಂದು ಕಥೆ ತಯಾರಾಗಿಬಿಟ್ಟಿತ್ತು. ಬೇಸರವಾ, ಜಗಳವಾ, ಮಗನ ಚಿಂತೆಯಾ ಅಂತ ಕೇಳುತ್ತಾ ಹೋದೆ. ಅವರು ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಗೆ ಹೇಳುವ ಹಾಗೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ನಡುವೆ ಎರಡು ಸಲ "ಒಂದಕ್ಕೆ ಹೋಗಿ ಬರ್ತೀನಿ" ಅಂತ ಎದ್ದು ಹೋದರು. ಎರಡನೇ ಸಲ ಬಂದು ಕೂತಾಗ ಕೇಳಿದೆ, "ರಾತ್ರಿ ಎಷ್ಟು ಸಲ ಏಳ್ತೀರಿ ಮೇಷ್ಟ್ರೇ?"

ಉತ್ತರ ಬರಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದರು. ನಾಲ್ಕು ಮಡಿಕೆ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಮಡಿಕೆಯ ಗೆರೆ ಸವೆದುಹೋಗಿತ್ತು. ಲ್ಯಾಬ್ ರಿಪೋರ್ಟಿನ ಪ್ರಿಂಟು. ಪಿಎಸ್‌ಎ ಎಂಬ ಸಾಲಿನಲ್ಲಿ, ಅಂದರೆ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆಯ ಸಾಲಿನಲ್ಲಿ, ದಪ್ಪ ಅಕ್ಷರದ 7.8, ಪಕ್ಕದಲ್ಲಿ ಜಾಸ್ತಿ ಅನ್ನುವ 'ಎಚ್', ಅದರಾಚೆ ಇರಬೇಕಾದ ಮಟ್ಟ 4ರ ಒಳಗೆ ಅಂತ. ಆ 7.8ಕ್ಕೆ ಕೆಂಪು ಪೆನ್ನಿನ ಸುತ್ತು.

"ಮೂವತ್ತೈದು ವರ್ಷ ಮಕ್ಕಳ ಪೇಪರಿಗೆ ಹಾಕಿದ್ದೆ" ಅಂದರು. "ಈ ಸಲ ನಂಗೆ."

ಆಮೇಲೆ ಕಥೆ ಸಲೀಸಾಗಿ ಹೊರಬಂತು. ಅವರ ಜೊತೆ ಕೆಲಸ ಮಾಡಿದ ಡ್ರಾಯಿಂಗ್ ಮಾಸ್ಟರೊಬ್ಬರಿಗೆ ಸೊಂಟನೋವು ಬಂದಿತ್ತು. ಡಿಸ್ಕ್ ಇರಬೇಕು ಅಂತ ತಿಂಗಳುಗಟ್ಟಲೆ ಎಣ್ಣೆ ಹಚ್ಚಿಸಿಕೊಂಡರು. ಕೊನೆಗೆ ನೋಡಿದರೆ ಪ್ರಾಸ್ಟೇಟ್ ಕ್ಯಾನ್ಸರು ಮೂಳೆಗೆ ಹರಡಿತ್ತು. ಅವರ ತಿಥಿ ಊಟ ಮುಗಿಸಿ ಬಂದ ದಿನದಿಂದ ಮೇಷ್ಟ್ರಿಗೆ ತಮ್ಮ ದೇಹದ ಮೇಲೇ ಅನುಮಾನ. ಎರಡು ವರ್ಷದಿಂದ ಮೂತ್ರದ ಧಾರೆ ಸಣ್ಣಗಾಗಿತ್ತು. ಮುಗಿಯಿತು ಅಂತ ಬಂದರೆ ಮತ್ತೆ ಹೋಗಬೇಕು ಅನಿಸುತ್ತಿತ್ತು. ಇದನ್ನೆಲ್ಲ ಯಾರ ಹತ್ತಿರ ಹೇಳೋದು? ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕಲೆಕ್ಷನ್ ಸೆಂಟರಿನಲ್ಲಿ 'ಗಂಡಸರ ಪ್ಯಾಕೇಜ್' ಅಂತ ಬೋರ್ಡು ಕಂಡಿತು. ಮನೆಯಲ್ಲಿ ಶುಗರ್ ಟೆಸ್ಟ್ ಅಂತ ಹೇಳಿ ಹೋದರು. ಚೀಟಿ ಬೇಕಿಲ್ಲ, ಡಾಕ್ಟರ್ ಬೇಕಿಲ್ಲ. ದುಡ್ಡು ಕೊಟ್ಟರೆ ರಕ್ತ ತೆಗೀತಾರೆ. ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬಂತು.

ನನಗೆ ಸಿಟ್ಟು ಬರೋದು ಈ ಜಾಗದಲ್ಲಿ. ರಕ್ತ ತೆಗೆದಿದ್ದಕ್ಕಲ್ಲ. ತೆಗೆಯುವ ಮುಂಚೆ ಯಾರೂ ಒಂದು ಮಾತು ಕೇಳಲಿಲ್ಲ ಅನ್ನೋದಕ್ಕೆ. ಯಾಕೆಂದರೆ ಆ ಹಿಂದಿನ ವಾರ ಮೇಷ್ಟ್ರಿಗೆ ಜ್ವರ, ಉರಿಮೂತ್ರ. ಬಾರ್ಲಿ ನೀರು ಕುಡಿದು ಹಾಗೇ ಸುಧಾರಿಸಿಕೊಂಡಿದ್ದರು. ಟೆಸ್ಟಿನ ದಿನ ಬೆಳಿಗ್ಗೆಯೂ ಎಂದಿನ ಹಾಗೆ ಆರು ಕಿಲೋಮೀಟರ್ ಸೈಕಲ್ ಹೊಡೆದಿದ್ದರು. ಎರಡೂ ಪಿಎಸ್‌ಎಯನ್ನು ಏರಿಸಬಲ್ಲ ಸಂಗತಿಗಳು. ಅದರಲ್ಲೂ ಸೋಂಕು ಅಂತೂ ಜೋರಾಗಿಯೇ ಏರಿಸುತ್ತದೆ.

ನಾನು ಡಾಕ್ಟರಲ್ಲ. ಅದನ್ನು ಮೊದಲೇ ಹೇಳಿಯೇ ಮಾತು ಶುರು ಮಾಡಿದೆ. ಆದರೆ ನಮ್ಮ ಕ್ಲಿನಿಕ್ಕಿನ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನು ಅರ್ಥವಾಗುವ ಹಾಗೆ ದಾಟಿಸುವುದೂ ನನ್ನ ಕೆಲಸವೇ. ಪ್ರಾಸ್ಟೇಟ್ ಅಂದರೆ ಮೂತ್ರಚೀಲದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ ಗ್ರಂಥಿ. ಹರೆಯದಲ್ಲಿ ಒಂದು ಅಕ್ರೋಟಿನಷ್ಟು. ವಯಸ್ಸಾದಂತೆ ದೊಡ್ಡದಾಗುತ್ತಾ ಹೋಗುತ್ತದೆ. ಆಗ ನಾಳ ಬಿಗಿಯಾಗಿ ಧಾರೆ ಸಣ್ಣಗಾಗುತ್ತದೆ. ಪಿಎಸ್‌ಎ ಈ ಗ್ರಂಥಿ ಮಾಡುವ ಒಂದು ಪ್ರೋಟೀನ್. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೋರುತ್ತದೆ. ಗ್ರಂಥಿ ದಪ್ಪಗಾದರೂ ಜಾಸ್ತಿ ಸೋರುತ್ತದೆ, ಸೋಂಕಾದರೂ ಜಾಸ್ತಿ, ಕ್ಯಾನ್ಸರಾದರೂ ಜಾಸ್ತಿ.

"ಪಕ್ಕದ ಮನೇಲಿ ಗಲಾಟೆ ಆಗ್ತಿದೆ ಅಂತ ಮಾತ್ರ ಈ ನಂಬರ್ ಹೇಳುತ್ತೆ ಮೇಷ್ಟ್ರೇ. ಯಾರು ಗಲಾಟೆ ಮಾಡ್ತಿರೋದು ಅಂತ ಹೇಳಲ್ಲ" ಅಂದೆ. "ಪಿಎಸ್‌ಎ ಜಾಸ್ತಿ ಬಂದ ನಾಲ್ವರಲ್ಲಿ ಹೆಚ್ಚುಕಮ್ಮಿ ಮೂವರಿಗೆ ಕ್ಯಾನ್ಸರ್ ಇರಲ್ಲ."

"ನಾಲ್ಕನೆಯವ್ನು ನಾನಾಗಿದ್ರೆ?"

ಗಣಿತದ ಮೇಷ್ಟ್ರ ಹತ್ತಿರ 'ಏನೂ ಆಗಲ್ಲ ಬಿಡಿ' ಅನ್ನೋ ಮಾತು ನಡೆಯಲ್ಲ. "ಆಗಿರಬಹುದು" ಅಂದೆ. ಅವರು ಮೊದಲ ಸಲ ನನ್ನ ಮುಖ ನೋಡಿದರು. ಸುಳ್ಳು ಸಮಾಧಾನ ಹೇಳದಿದ್ದರೆ ಜನ ನಂಬುತ್ತಾರೆ. ಇದು ನನಗೆ ಎಷ್ಟೋ ಸಲ ಗೊತ್ತಾಗಿದೆ, ಆದರೂ ಪ್ರತಿ ಸಲ ಬಾಯಿ ತುದಿಯವರೆಗೆ ಸುಳ್ಳೇ ಬರುತ್ತದೆ.

ಅವರಿಗೆ ಲೆಕ್ಕವೇ ಬೇಕಿತ್ತು. ಯುರೋಪಿನಲ್ಲಿ 1.6 ಲಕ್ಷಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಆರೋಗ್ಯವಾಗಿದ್ದ 456 ಗಂಡಸರನ್ನು ಈ ಟೆಸ್ಟಿಗೆ ಕರೆದರೆ, ಪ್ರಾಸ್ಟೇಟ್ ಕ್ಯಾನ್ಸರಿನಿಂದಾಗುವ ಒಂದು ಸಾವು ತಪ್ಪುತ್ತದೆ. ಆ ಒಂದು ಸಾವು ತಪ್ಪಿಸುವಷ್ಟರಲ್ಲಿ 12 ಜನಕ್ಕೆ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಮೇಷ್ಟ್ರು ರಿಪೋರ್ಟಿನ ಹಿಂದೆ ಬರೆದುಕೊಂಡರು.

"ಮಿಕ್ಕ ಹನ್ನೊಂದು ಜನ?"

"ಅವರಲ್ಲಿ ಎಷ್ಟೋ ಜನಕ್ಕೆ ಅದು ಜೀವಮಾನವಿಡೀ ತೊಂದರೆ ಕೊಡ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ನಿರೋಕೆ ಆಗಲ್ವಲ್ಲ."

ಟೆಸ್ಟ್ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಅನ್ನೋದು ಅವರಿಗೆ ಹೊಳೆದದ್ದು ಇಲ್ಲೇ. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ಪ್ರಾಸ್ಟೇಟ್ ಇಲ್ಲ. ಹಾಗಾಗಿ ಇದು ಪ್ಯಾಕೇಜಿನ ಪಾಲಾಗಿದೆ. ಪ್ಯಾಕೇಜು ನಂಬರ್ ಕೊಡುತ್ತದೆ. ನಂಬರ್ ಹೆಚ್ಚು ಬಂದರೆ ನಾನೇನು ಮಾಡುತ್ತೇನೆ, ಎಂಆರ್‌ಐ, ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ ಅಂದರೆ ತಯಾರಿದ್ದೇನಾ, ಯಾರಿಗೆ ಹೇಳುತ್ತೇನೆ ಅನ್ನೋದನ್ನು ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಕೇಳಿಕೊಳ್ಳಬೇಕು. ಮೇಷ್ಟ್ರು ಆಮೇಲೆ, ಒಬ್ಬರೇ, ಹಾಲ್‌ನ ದಿವಾನದ ಮೇಲೆ ಮಲಗಿ ಕೇಳಿಕೊಂಡಿದ್ದರು.

ಇನ್ನೊಂದು ಭಯವನ್ನು ಅವರು ದನಿ ತಗ್ಗಿಸಿ ಹೇಳಿದರು. ಫೋನಿನಲ್ಲಿ ಹುಡುಕಿ ಓದಿದ್ದರಂತೆ, ಆಪರೇಷನ್ ಆದರೆ ಮೂತ್ರ ಹಿಡಿತ ತಪ್ಪುತ್ತದೆ, ಗಂಡಸುತನ ಹೋಗುತ್ತದೆ ಅಂತ. ಎರಡೂ ಆಗಬಹುದಾದ ತೊಂದರೆಗಳೇ, ಮುಚ್ಚಿಡಲಿಲ್ಲ. ಆದರೆ ಕ್ಯಾನ್ಸರ್ ಅಂದ ಕೂಡಲೇ ಆಪರೇಷನ್ ಅಂತೇನಿಲ್ಲ. ಬ್ರಿಟನ್ನಿನಲ್ಲಿ, ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಜನರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ. 15 ವರ್ಷ ಕಳೆದ ಮೇಲೂ ಮೂರೂ ಗುಂಪಿನಲ್ಲಿ ಆ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಎರಡು ಮೂರು ಜನ ಅಷ್ಟೇ. "ಡ್ರಾಯಿಂಗ್ ಮಾಸ್ಟರಿಗೆ ಹೀಗಾಗಲಿಲ್ಲವಲ್ಲ" ಅಂದರು. ನಿಜ. ಅವರದ್ದು ಹರಡಿದ ಮೇಲೆ ಗೊತ್ತಾಗಿದ್ದು. ಈ ರೋಗ ಎರಡು ಥರವೂ ಇರುತ್ತದೆ. ಅದಕ್ಕೇ ಇಷ್ಟೊಂದು ವಾದ.

ನಾನು ಕೊಟ್ಟ ಸಲಹೆಯಲ್ಲಿ ದೊಡ್ಡದೇನೂ ಇರಲಿಲ್ಲ. ನಿಮಗೆ ತೊಂದರೆ ಕಾಣಿಸಿಕೊಂಡಿದೆ, ಹಾಗಾಗಿ ನಿಮಗೆ ಬೇಕಿರೋದು ಪ್ಯಾಕೇಜಲ್ಲ, ಡಾಕ್ಟರು ಅಂದೆ. ಒಂದು ಹಾಳೆ ಕೊಟ್ಟೆ. ಜ್ವರ ಬಂದ ದಿನ, ಉರಿ ಶುರುವಾದ ದಿನ, ಸೈಕಲ್, ತಗೊಳ್ಳುವ ಮಾತ್ರೆಗಳು, ರಾತ್ರಿ ಏಳುವ ಲೆಕ್ಕ, ಎಲ್ಲ ಬರೆಸಿದೆ. ಮಾತ್ರೆ ಯಾಕೆ ಅಂತ ಕೇಳಿದರು. ಪ್ರಾಸ್ಟೇಟಿಗೂ ಕೂದಲು ಉದುರುವುದಕ್ಕೂ ಕೊಡುವ ಫಿನಾಸ್ಟೆರೈಡ್ ತಿಂಗಳುಗಟ್ಟಲೆ ತಗೊಂಡರೆ ಪಿಎಸ್‌ಎ ಅರ್ಧಕ್ಕರ್ಧ ಇಳಿದು ಕಾಣುತ್ತದೆ, ಹೇಳದಿದ್ದರೆ ಡಾಕ್ಟರೂ ಮೋಸ ಹೋಗುತ್ತಾರೆ. ಮತ್ತೆ ಟೆಸ್ಟ್ ಮಾಡಿಸುವಾಗ ಅದಕ್ಕೆ ಎರಡು ದಿನ ಮುಂಚಿನಿಂದ ಸೈಕಲ್ ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ ಅಂತ ಹೇಳಿದಾಗ ಅವರು ಗೋಡೆ ಗಡಿಯಾರ ನೋಡಿದರು. ನಾನೂ ನೋಡಿದೆ.

ರಿಪೋರ್ಟನ್ನು ಜೇಬಿನಿಂದ ತೆಗೆದು ಮನೆಯ ಫೈಲಿಗೆ ಹಾಕಬೇಕು ಅಂದೆ. ಫೈಲಿಗೆ ಹೋದರೆ ಹೆಂಡತಿ ನೋಡುತ್ತಾರೆ. ಹಾಗಾಗಿ ಮೊದಲು ಹೇಳಬೇಕು. "ನೀವೇ ಹೇಳಿಬಿಡಿ ಮೇಡಂ" ಅಂದರು. ಒಪ್ಪಲಿಲ್ಲ. ನಾನು ಪಕ್ಕದಲ್ಲಿರ್ತೀನಿ, ಒಂದೇ ಒಂದು ವಾಕ್ಯ ನೀವು ಹೇಳಿ ಅಂದೆ. ಅವರ ಹೆಂಡತಿಯನ್ನು ಒಳಗೆ ಕರೆದೆವು.

"ಅವತ್ತು ಶುಗರ್ ಟೆಸ್ಟ್ ಅಂತ ಸುಳ್ಳು ಹೇಳಿದ್ದೆ."

"ಗೊತ್ತು" ಅಂದರು ಅವರು. "ಶುಗರ್ ಟೆಸ್ಟಿಗೆ ಯಾರಾದ್ರೂ ಮೂರು ದೋಸೆ ತಿಂದು ಹೋಗ್ತಾರಾ?"

ಕಾಗದ ಅವರ ಕೈಗೆ ಹೋಯಿತು. ಓದಲಿಲ್ಲ, ಮಡಚಿ ಪರ್ಸಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹಾಲ್‌ಗೆ ಹೋದ್ರೆ ನಂಗೆ ಕೇಳ್ಸಲ್ಲ ಅಂದ್ಕೊಂಡಿದಾರೆ. ಬಚ್ಚಲ ಚಿಲಕ ಕಿರ್ ಅನ್ನುತ್ತೆ. ಎಣಿಸ್ತಾನೇ ಇದ್ದೆ. ಮೊನ್ನೆ ಐದು ಸಲ" ಅಂದರು.

ಮಾರನೇ ದಿನವೇ ಡಾಕ್ಟರನ್ನು ನೋಡಿದರು. ಮೇಷ್ಟ್ರು ಹೆದರಿದ್ದು ಗುದದ್ವಾರದ ಮೂಲಕ ಪ್ರಾಸ್ಟೇಟನ್ನು ಮುಟ್ಟಿ ನೋಡುವ ಬೆರಳಿನ ಪರೀಕ್ಷೆಗೆ. ಪಕ್ಕಕ್ಕೆ ತಿರುಗಿ ಮೊಣಕಾಲು ಮಡಚಿ ಮಲಗಬೇಕು, ಒಂದು ನಿಮಿಷವೂ ಆಗಲ್ಲ ಅಂತ ಮೊದಲೇ ಹೇಳಿದ್ದೆ. "ಹಲ್ಲು ಕೀಳಿಸೋದೇ ಕಷ್ಟ" ಅಂತ ಆಮೇಲೆ ಫೋನ್ ಮಾಡಿ ಹೇಳಿದರು. ಮೂತ್ರ ಕಲ್ಚರಿನಲ್ಲಿ ಸೋಂಕು ಸಿಕ್ಕಿತು. ಆ್ಯಂಟಿಬಯೋಟಿಕ್ ಕೋರ್ಸ್ ಆಯಿತು. ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ 48 ಗ್ರಾಂ ಅಂತ ಬಂತು. ಸಾಧಾರಣಕ್ಕಿಂತ ಸುಮಾರು ಎರಡು ಪಟ್ಟು. ರಾತ್ರಿಗೆ ನಾಳದ ಬಿಗಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟು, ಹಾಸಿಗೆಯಿಂದ ದಡಕ್ಕನೆ ಏಳಬೇಡಿ, ತಲೆ ತಿರುಗುತ್ತದೆ ಅಂತ ಡಾಕ್ಟರು ಎಚ್ಚರಿಸಿದರು. ಸೋಂಕು ಹೋಗಿ ಎಂಟು ವಾರವಾದ ಮೇಲೆ ಮತ್ತೆ ಪಿಎಸ್‌ಎ.

4.6 ಬಂತು. ಈಗಲೂ ಪಕ್ಕದಲ್ಲಿ ಎಚ್.

ಅವತ್ತು ಮೇಷ್ಟ್ರ ದನಿ ಮತ್ತೆ ಕುಸಿದಿತ್ತು. ಅವರಿಗೆ ಪಾಸ್ ಬೇಕಿತ್ತು. ಯೂರಾಲಜಿಸ್ಟ್, ಅಂದರೆ ಮೂತ್ರರೋಗದ ಡಾಕ್ಟರು, ಗ್ರಂಥಿಯ ಗಾತ್ರದ ಜೊತೆ ಇಟ್ಟು ನೋಡಬೇಕು ಅಂದರಂತೆ. ಮೇಷ್ಟ್ರು ಅಲ್ಲೇ ಭಾಗಿಸಿದರು, 4.6 ಭಾಗ 48, ಹತ್ತಿರ ಹತ್ತಿರ 0.1. ಇದು 0.15ಕ್ಕಿಂತ ಕಡಿಮೆ ಇದ್ದರೆ ಅನುಮಾನ ಕಡಿಮೆ. ಈಗ ಬಯಾಪ್ಸಿ ಬೇಡ, ಆರು ತಿಂಗಳಿಗೆ ಮತ್ತೆ ನೋಡೋಣ, ಏರಿದರೆ ಮೊದಲು ಎಂಆರ್‌ಐ ಅಂತ ತೀರ್ಮಾನವಾಯಿತು. ಈ 'ನೋಡೋಣ'ದ ಜೊತೆ ಬದುಕೋದು ಹೇಗೆ ಅಂತ ಮಾತಾಡಲು ಇನ್ನೂ ಎರಡು ಸಲ ಬಂದರು. ಆ ಎರಡೂ ಸಲ ನಾವು ಪಿಎಸ್‌ಎಗಿಂತ ಡ್ರಾಯಿಂಗ್ ಮಾಸ್ಟರ ಬಗ್ಗೆಯೇ ಹೆಚ್ಚು ಮಾತಾಡಿದೆವು.

ಅವರ ಮೂಲಕ ಇನ್ನಿಬ್ಬರು ವಿಚಾರಿಸಿದರು. ಒಬ್ಬರು ಅವರ ಭಾವ, 76 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಮೂತ್ರದ ತೊಂದರೆ ಏನೂ ಇಲ್ಲ. ಸುಮ್ನೆ ಒಂದ್ಸಲ ನೋಡೋಣ ಅಂತ. 70 ದಾಟಿ, ಏನೂ ತೊಂದರೆ ಇಲ್ಲದವರಿಗೆ ಈ ಟೆಸ್ಟನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ, ನಿಮ್ಮ ಹೃದಯದ ಡಾಕ್ಟರನ್ನೇ ಕೇಳಿ ಅಂದೆ. ಇನ್ನೊಬ್ಬರು ಡ್ರಾಯಿಂಗ್ ಮಾಸ್ಟರ ತಮ್ಮ, 52. ಅವರಿಗೆ ಮಾತ್ರ ತಡ ಮಾಡಬೇಡಿ ಅಂದೆ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಂಥವರು 45ರ ಹೊತ್ತಿಗೇ ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು.

ಮೇಷ್ಟ್ರಿಗೆ ಮುಂದಿನ ರಕ್ತಪರೀಕ್ಷೆ ನವರಾತ್ರಿ ಹೊತ್ತಿಗೆ. ದಿವಾನ ಖಾಲಿಯಾಗಿದೆ. ರಾತ್ರಿ ಈಗ ಎರಡೇ ಸಲ ಏಳುತ್ತಾರಂತೆ. ಎಣಿಸಿದ್ದು ಯಾರು ಅಂತ ನಾನು ಕೇಳಲಿಲ್ಲ.